ಕೊನೆಯ ಕೋರಸ್‌ನಿಂದ ಹಿಂದಕ್ಕೆ ಎಣಿಸಿ: ಗಾಯಕಿ ಇರುವ ಪವರ್ ಮೆಟಲ್ ಬ್ಯಾಂಡಿನ ಶ್ರುತಿ, ರೆಕಾರ್ಡಿಂಗ್, ಮಿಕ್ಸ್

ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲದೆ ಸ್ವಂತ ದುಡ್ಡಿನಲ್ಲಿ ಆಲ್ಬಮ್ ಮಾಡುವ ಪವರ್ ಮೆಟಲ್ (ವೇಗದ, ದೊಡ್ಡ ಕೋರಸ್‌ಗಳ ಹೆವಿ ಮೆಟಲ್) ಬ್ಯಾಂಡುಗಳಲ್ಲಿ ಒಂದು ತಪ್ಪು ಪದೇ ಪದೇ ಕಿವಿಗೆ ಬೀಳುತ್ತದೆ. ಗಿಟಾರ್ ಚೆನ್ನಾಗಿರುತ್ತದೆ, ಡ್ರಮ್ಸ್ ಬಿಗಿಯಾಗಿರುತ್ತದೆ, ಗಾಯಕಿಯ ಕಂಠವೂ ಒಳ್ಳೆಯದೇ. ಆದರೆ ಚರಣದಲ್ಲಿ ದನಿ ಏಳುವುದಿಲ್ಲ, ಕೋರಸ್ ಬಂದ ಕೂಡಲೇ ಕಿರುಚಿದ ಹಾಗೆ ಕೇಳುತ್ತದೆ. ಬಹುಪಾಲು ಸಲ ಇದಕ್ಕೆ ಕಾರಣ ಶ್ರುತಿ. ಗಿಟಾರಿನ ದಪ್ಪ ತಂತಿಯನ್ನು ಹಿಡಿಯದೆ ಮೀಟಿದರೆ ಇ ಸ್ವರ ಬರುತ್ತದೆ, ಹಾಗಾಗಿ ಹಾಡು ಇ ಮೈನರ್‌ನಲ್ಲೇ ಹುಟ್ಟುತ್ತದೆ. ರಿಫ್ (ಮರುಕಳಿಸುವ ಗಿಟಾರ್ ತುಣುಕು), ಸೋಲೋ, ಆರ್ಕೆಸ್ಟ್ರಾ ಎಲ್ಲ ಮುಗಿದ ಮೇಲೆ ಗಾಯಕಿಯನ್ನು ಮೈಕ್ ಮುಂದೆ ನಿಲ್ಲಿಸುತ್ತಾರೆ.

ಪವರ್ ಮೆಟಲ್‌ನಲ್ಲಿ ಈ ತಪ್ಪು ದುಬಾರಿಯಾಗುವುದಕ್ಕೆ ಕಾರಣವಿದೆ. ಇಲ್ಲಿ ಕೊನೆಯ ಕೋರಸ್ ಅನ್ನು ಒಂದು ಸ್ವರ, ಅಂದರೆ ಎರಡು ಸೆಮಿಟೋನ್ (ಅರ್ಧ ಸ್ವರ), ಮೇಲಕ್ಕೆ ಎತ್ತುವುದು ಹಳೆಯ ರೂಢಿ. ಇ ಮೈನರ್ ಹಾಡಿನ ಕೋರಸ್ ತಾರ ಷಡ್ಜಕ್ಕೆ, ಅಂದರೆ ಇ5ಗೆ (659 ಹರ್ಟ್ಸ್; 5 ಎಂಬುದು ಸ್ಥಾಯಿಯ ಸಂಖ್ಯೆ), ಮುಟ್ಟುತ್ತದೆ ಎಂದುಕೊಳ್ಳಿ. ಎತ್ತಿದ ಮೇಲೆ ಅದು ಎಫ್ ಶಾರ್ಪ್ 5 (740 ಹರ್ಟ್ಸ್). ಗಾಯಕಿ ತುಂಬು ದನಿಯಲ್ಲಿ ಆರಾಮಾಗಿ ನಿಲ್ಲುವ ಸ್ವರ ಡಿ5 ಆಗಿದ್ದರೆ ನಾಲ್ಕು ಸೆಮಿಟೋನ್ ಹೆಚ್ಚಾಯಿತು. ಒಂದು ಟೇಕ್ ಹೇಗೋ ಸಿಕ್ಕೀತು, ವೇದಿಕೆಯಲ್ಲಿ ಹತ್ತನೇ ಹಾಡಾಗಿ ಬಂದಾಗ ಸಿಗುವುದಿಲ್ಲ.

ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಶುರು ಮಾಡಬೇಕು. ಡೆಮೊ ಕೋರಸ್ ಅನ್ನು ಗಾಯಕಿ ಬಿಡುವಿಲ್ಲದೆ ಐದು ಸಲ ಹಾಡಲಿ. ಐದನೇ ಸಲವೂ ದನಿ ಬಿರಿಯದೆ, ಕತ್ತಿನ ನರ ಉಬ್ಬದೆ ಬಂದರೆ ಆ ಶ್ರುತಿ ಸರಿ. ಬರದಿದ್ದರೆ ಡೆಮೊವನ್ನು ಸಾಫ್ಟ್‌ವೇರ್‌ನಲ್ಲೇ ಒಂದೊಂದು ಸೆಮಿಟೋನ್ ಇಳಿಸಿ ಮತ್ತೆ ಐದು ಸಲ. ಈ ಪರೀಕ್ಷೆಯನ್ನು ಎತ್ತಿದ ಕೋರಸ್ ಮೇಲೇ ಮಾಡಿ, ಮೊದಲನೆಯದರ ಮೇಲಲ್ಲ.

ನಾಲ್ಕು ಸೆಮಿಟೋನ್ ಇಳಿಸಿದರೆ ಗಿಟಾರ್ ಸಿ ಟ್ಯೂನಿಂಗ್‌ಗೆ ಬರುತ್ತದೆ. 25.5 ಇಂಚು ಸ್ಕೇಲಿನ (ತಂತಿಯ ಮಿಡಿಯುವ ಉದ್ದದ) ಗಿಟಾರಿನಲ್ಲಿ 10–46 ತಂತಿಗಳು (ಅತಿ ತೆಳು, ಅತಿ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ) ಅಲ್ಲಿ ಸಡಿಲವಾಗಿ ತೊನೆಯುತ್ತವೆ, ವೇಗದ ಪಿಕಿಂಗ್ ಕಲಸಿಹೋಗುತ್ತದೆ. 12–56ರ ಆಸುಪಾಸಿನ ಸೆಟ್ ಹಾಕಿ ಇಂಟೊನೇಶನ್ (ಎಲ್ಲ ಮನೆಗಳಲ್ಲೂ ಸ್ವರ ಶ್ರುತಿಯಲ್ಲಿರುವಂತೆ) ಮತ್ತೆ ಹೊಂದಿಸಬೇಕು. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ರಾಗವನ್ನೇ ತಿದ್ದುವುದು. ಕೋರಸ್‌ನ ತುದಿಯನ್ನು ಷಡ್ಜದಿಂದ ಪಂಚಮಕ್ಕೆ ತನ್ನಿ. ಇ ಮೈನರ್‌ನಲ್ಲಿ ಅದು ಬಿ4 (494 ಹರ್ಟ್ಸ್), ಎತ್ತಿದ ಮೇಲೆ ಸಿ ಶಾರ್ಪ್ 5 (554 ಹರ್ಟ್ಸ್). ಡಿ5ಗಿಂತ ಒಂದು ಸೆಮಿಟೋನ್ ಕೆಳಗೇ ನಿಂತಿತು. ಗಿಟಾರಿಗೆ ಅದರ ತೆರೆದ ತಂತಿ ಉಳಿಯಿತು, ಗಾಯಕಿಗೆ ಗಂಟಲು ಉಳಿಯಿತು. ಪಂಚಮದಲ್ಲಿ ನಿಂತ ಕೋರಸ್ ಇನ್ನೂ ಏನೋ ಬಾಕಿ ಇದೆ ಅನ್ನುವ ಹಾಗೆ ತೂಗುತ್ತದೆ. ಈ ಸಂಗೀತಕ್ಕೆ ಆ ತೂಗಾಟ ಬಹಳ ಒಪ್ಪುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಸಾಹಿತ್ಯ. ತುದಿಯ ಸ್ವರದಲ್ಲಿ ಯಾವ ಅಕ್ಷರ ಬರುತ್ತದೆ ಎಂದು ಬರೆಯುವವರು ನೋಡಲೇಬೇಕು. ಈಕಾರ, ಊಕಾರಗಳ ಮೊದಲ ಅನುರಣನ ಸುಮಾರು 300–400 ಹರ್ಟ್ಸ್ ಬಳಿ ಇರುತ್ತದೆ. ಗಾಯಕಿ 550 ಹರ್ಟ್ಸ್‌ನಲ್ಲಿ ಹಾಡುವಾಗ ಸ್ವರವೇ ಅದನ್ನು ದಾಟಿ ಮೇಲಿರುತ್ತದೆ. ಆಗ ಈಕಾರವನ್ನು ಶುದ್ಧವಾಗಿ ಇಟ್ಟರೆ ದನಿ ಹಿಂಡಿದಂತಾಗುತ್ತದೆ, ಬಾಯಿ ತೆರೆದರೆ ಅಕ್ಷರ ಬದಲಾಗುತ್ತದೆ. ಆಕಾರಕ್ಕೆ ಆ ತೊಂದರೆ ಇಲ್ಲ, ಅದರ ಅನುರಣನ ಸುಮಾರು 800 ಹರ್ಟ್ಸ್ ಬಳಿ ಇದೆ. ಉದ್ದ ಎಳೆಯುವ ಜಾಗದಲ್ಲಿ ಆ, ಓ ಬರುವ ಪದ ಹಾಕಿ. ವೇಗದ ಚರಣದಲ್ಲಿ ಒತ್ತಕ್ಷರ ಕಡಿಮೆ ಮಾಡಿ: 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಎಂಟನೇ ನೋಟ್ (ಅರ್ಧ ಬೀಟ್) ಒಂದಕ್ಕೆ 167 ಮಿಲಿಸೆಕೆಂಡು, ಅಷ್ಟರಲ್ಲಿ ಎರಡು ವ್ಯಂಜನ ಹೇಳಿ ಸ್ವರವನ್ನೂ ಮುಟ್ಟುವುದು ಕಷ್ಟ.

ಗಾಯಕಿ ಇದ್ದ ಮಾತ್ರಕ್ಕೆ ಎಲ್ಲ ಬ್ಯಾಂಡುಗಳನ್ನೂ ಒಂದೇ ಪ್ರಕಾರ ಎಂದು ಸೇರಿಸುವುದು ಸರಿಯಲ್ಲ, ಮಿಕ್ಸ್ ಮಾಡುವವರಿಗಂತೂ ಅದು ದಾರಿ ತಪ್ಪಿಸುತ್ತದೆ. 1996ರಲ್ಲಿ ಶುರುವಾದ ಫಿನ್ಲೆಂಡಿನ ನೈಟ್‌ವಿಶ್‌ನಲ್ಲಿ ತಾರ್ಯಾ ತುರುನೆನ್ ಒಪೆರಾ ಶೈಲಿಯಲ್ಲಿ ಹಾಡಿದರು. 2007ರಲ್ಲಿ ಶುರುವಾದ ಕೆನಡಾದ ಅನ್‌ಲೀಶ್ ದಿ ಆರ್ಚರ್ಸ್ ಮೊದಲ ಆಲ್ಬಮ್‌ಗಳನ್ನು ತಾವೇ ಹೊರತಂದವರು. ಅಲ್ಲಿ ಬ್ರಿಟ್ನಿ ಸ್ಲೇಯ್ಸ್ ಎದೆಯ ಬಲದಿಂದ ಬೆಲ್ಟ್ ಮಾಡುತ್ತಾರೆ, ಅಂದರೆ ಮೇಲಿನ ಸ್ವರಗಳನ್ನೂ ತುಂಬು ದನಿಯಲ್ಲಿ ಹಾಡುತ್ತಾರೆ. ತಲೆದನಿಯಲ್ಲಿ ಹಾಡಿದ ಸಿ5ರ ಬಲವೆಲ್ಲ ಮೂಲಸ್ವರದಲ್ಲಿ, 523 ಹರ್ಟ್ಸ್‌ನಲ್ಲಿ ಇರುತ್ತದೆ. ಬೆಲ್ಟ್ ಮಾಡಿದಾಗ ಎರಡನೇ ಹಾರ್ಮೋನಿಕ್ (ಮೂಲಸ್ವರದ ಎರಡರಷ್ಟು), 1046 ಹರ್ಟ್ಸ್, ಮತ್ತು ಅದರ ಮೇಲಿನವು ಜೋರಾಗುತ್ತವೆ. ಮೊದಲನೆಯದಕ್ಕೆ ಕೀಬೋರ್ಡು, ಗಿಟಾರುಗಳ ಮಧ್ಯಭಾಗವನ್ನು 500–800ರಲ್ಲಿ ತೆಳುಮಾಡಬೇಕು. ಎರಡನೆಯದಕ್ಕೆ 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಜಾಗ ಬೇಕು, ಡಿಸ್ಟಾರ್ಶನ್ ಗಿಟಾರ್ ಕೂತಿರುವುದೂ ಅಲ್ಲೇ. ಗಿಟಾರ್ ಬಸ್ (ಗಿಟಾರುಗಳೆಲ್ಲ ಸೇರುವ ಚಾನೆಲ್) ಮೇಲೆ ಡೈನಮಿಕ್ ಇಕ್ಯೂ (ಬೇಕಾದಾಗ ಮಾತ್ರ ಆ ಆವರ್ತನಗಳನ್ನು ತಗ್ಗಿಸುವ ಸಾಧನ) ಹಾಕಿ, ಗಾಯನದ ಟ್ರ್ಯಾಕ್ ಅದನ್ನು ನಡೆಸುವಂತೆ ಸೈಡ್‌ಚೈನ್ ಕೊಟ್ಟು, ಹಾಡುವಾಗ ಮಾತ್ರ 2–3 ಡಿಬಿ ತಗ್ಗುವಂತೆ ಮಾಡಿ. ಕಾಯಂ ಕತ್ತರಿಸಿದರೆ ಸೋಲೋ ಬಂದಾಗ ಗಿಟಾರ್ ಸಪ್ಪೆಯಾಗುತ್ತದೆ.

ಕೆಳಗಿನ ಭಾಗದ ಲೆಕ್ಕ ಸರಳ. 180 ಬಿಪಿಎಂನಲ್ಲಿ ಡಬಲ್ ಕಿಕ್ (ಎರಡು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಹದಿನಾರನೇ ನೋಟ್‌ಗಳಲ್ಲಿ ಓಡಿದರೆ ಏಟಿನಿಂದ ಏಟಿಗೆ 83 ಮಿಲಿಸೆಕೆಂಡು. ಕಿಕ್‌ನ ಬಾಲ ಅದಕ್ಕಿಂತ ಉದ್ದವಿದ್ದರೆ ಏಟುಗಳೆಲ್ಲ ಸೇರಿ ಬರೀ ಗುಂಯ್ ಎನ್ನುತ್ತದೆ.

ಗಾಯನ ರೆಕಾರ್ಡ್ ಮಾಡುವಾಗ 24 ಬಿಟ್, ಅತಿ ಜೋರಿನ ಕೋರಸ್‌ನಲ್ಲೂ ಪೀಕ್ ಮೈನಸ್ 10 ಡಿಬಿ ಆಸುಪಾಸು ಇರಲಿ. ಮೈಕ್‌ನಿಂದ ಚರಣಕ್ಕೆ ಒಂದು ಗೇಣು, ಕೋರಸ್‌ಗೆ ಒಂದೂವರೆ ಗೇಣು ದೂರ. ಶ್ಯೂರ್ ಎಸ್‌ಎಂ7ಬಿ ಥರದ ಡೈನಮಿಕ್ ಮೈಕ್ ಬೆಲ್ಟ್ ದನಿಯ ಚೂಪನ್ನು ಮೆತ್ತಗೆ ಮಾಡುತ್ತದೆ, ಆದರೆ ಮೆಲುದನಿಯ ಸಾಲುಗಳಿಗೆ ಸುಮಾರು 60 ಡಿಬಿ ಗೇನ್ (ದನಿಯ ವರ್ಧನೆ) ಬೇಡುತ್ತದೆ. ಮೈಕ್ ಅನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಇಂಟರ್‌ಫೇಸ್‌ಗಳು ಅಷ್ಟಕ್ಕೆ ಹೋದರೆ ಹಿಸ್ ಶುರುವಾಗುತ್ತದೆ. ಜೋರಾದ ಜಾಗಗಳನ್ನು ತಗ್ಗಿಸುವ ಒಂದೇ ಕಂಪ್ರೆಸರ್‌ನಿಂದ 10 ಡಿಬಿ ಹಿಂಡುವ ಬದಲು, ವೇಗದ್ದೊಂದು 4:1ರಲ್ಲಿ (ಮಿತಿ ದಾಟಿದ 4 ಡಿಬಿಗೆ 1 ಡಿಬಿ ಮಾತ್ರ ಬಿಡುವಂತೆ) 4–5 ಡಿಬಿ, ಅದರ ಹಿಂದೆ ನಿಧಾನದ್ದೊಂದು 3 ಡಿಬಿ ಇಟ್ಟರೆ ಉಸಿರು ಸಹಜವಾಗಿ ಉಳಿಯುತ್ತದೆ.

ಕೋರಸ್‌ನ ಗುಂಪುದನಿಗೆ ಗಾಯಕಿಯನ್ನೇ ಹನ್ನೆರಡು ಸಲ ಹಾಡಿಸಿದರೆ ಹೊಳಪು ಬರುತ್ತದೆ, ತೂಕ ಬರುವುದಿಲ್ಲ. 200 ಹರ್ಟ್ಸ್ ಕೆಳಗೆ ಆ ಗುಂಪಿನಲ್ಲಿ ಏನೂ ಇರುವುದಿಲ್ಲ. ಬ್ಯಾಂಡಿನ ಗಂಡಸರು ಅದೇ ಸಾಲನ್ನು ಒಂದು ಸ್ಥಾಯಿ ಕೆಳಗೆ, ಮೈಕ್‌ನಿಂದ ಒಂದು ಮೀಟರ್, ಎರಡು ಮೀಟರ್ ದೂರ ನಿಂತು ನಾಲ್ಕು ಟೇಕ್ ಕೊಡಲಿ. ಚೆನ್ನಾಗಿ ಹಾಡಬೇಕೆಂದಿಲ್ಲ, ಶ್ರುತಿಯಲ್ಲಿದ್ದರೆ ಸಾಕು. ಡಬಲ್ ಟ್ರ್ಯಾಕ್‌ಗಳಲ್ಲಿ ಸ, ಶ ಅಕ್ಷರಗಳನ್ನು ಕೈಯಿಂದ ತಗ್ಗಿಸಿ, ಇಲ್ಲದಿದ್ದರೆ ಪ್ರತಿ ಸಾಲಿನ ಕೊನೆಯಲ್ಲೂ ಹಾವು ಬುಸುಗುಟ್ಟಿದಂತೆ ಕೇಳುತ್ತದೆ.

ವೇದಿಕೆಯಲ್ಲಿ ಗಂಟಲು ಕೆಡುವುದು ಬಹುಪಾಲು ತನ್ನ ದನಿ ತನಗೆ ಕೇಳದೆ ಒತ್ತಿ ಹಾಡುವುದರಿಂದ. ಮಾನಿಟರ್ (ಹಾಡುವವರಿಗೆ ದನಿ ಕೇಳಿಸುವ ಸ್ಪೀಕರ್) ಎಲ್ಲಿಡಬೇಕು ಎಂಬುದು ಮೈಕ್ ಯಾವ ದಿಕ್ಕಿನ ದನಿ ಹಿಡಿಯುವುದಿಲ್ಲ ಎಂಬುದರ ಮೇಲೆ ನಿಂತಿದೆ: ಕಾರ್ಡಿಯಾಯ್ಡ್ ಮೈಕ್ ಆದರೆ ನೇರ ಹಿಂದೆ, ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಆದರೆ ಹಿಂದಿನಿಂದ ಎರಡೂ ಪಕ್ಕಕ್ಕೆ ಸರಿಸಿ, ಮೈಕ್‌ನ ಮುಖದಿಂದ ಸುಮಾರು 125 ಡಿಗ್ರಿಯಲ್ಲಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ದಿಕ್ಕಿನ ಗುಣವೇ ಹೋಗಿ ಸೀಟಿ ಹೊಡೆಯುತ್ತದೆ.

ಸ್ಟುಡಿಯೋ ಶ್ರುತಿ ವೇದಿಕೆಯಲ್ಲಿ ಸದಾ ಸಿಗುವುದಿಲ್ಲ. ನೆಗಡಿಯಾದ ದಿನ ಗಿಟಾರ್, ಬೇಸ್‌ಗಳನ್ನು ಅರ್ಧ ಸ್ವರ ಇಳಿಸಿದರಾಯಿತು, ಆದರೆ ಲ್ಯಾಪ್‌ಟಾಪಿನಿಂದ ಬರುವ ಆರ್ಕೆಸ್ಟ್ರಾ ಟ್ರ್ಯಾಕ್ ಇಳಿಯುವುದಿಲ್ಲ. ಮಿಕ್ಸ್ ಮುಗಿಸುವ ದಿನವೇ ಮಿಡಿ ಹಂತದಲ್ಲಿ (ದನಿಯಾಗುವ ಮೊದಲು, ಸ್ವರಗಳ ಬರಹದಲ್ಲೇ) ಒಂದು ಸೆಮಿಟೋನ್ ಇಳಿಸಿ ಇನ್ನೊಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿಡಿ. ಆಮೇಲೆ ಆಡಿಯೊವನ್ನೇ ಇಳಿಸಲು ಹೋದರೆ ತಂತಿವಾದ್ಯಗಳ ಮೊದಲ ಏಟು ಮಸುಕಾಗುತ್ತದೆ. ತಾಳ ಹೇಳುವ ಕ್ಲಿಕ್ ಟ್ರ್ಯಾಕ್ ಎರಡು ಫೈಲಿನಲ್ಲೂ ಒಂದೇ ಜಾಗದಿಂದ ಶುರುವಾಗುತ್ತದೆಯೇ ಎಂದು ಡ್ರಮ್ಮರ್ ಒಮ್ಮೆ ಕೇಳಿ ನೋಡಲಿ.