ಅನ್ನದ ಅಗುಳಿನ ಗೋಂದು

ನಮ್ಮ ಅಪ್ಪ ಬದುಕಿದ್ದಾರೆ ಅಂತ ನನ್ನ ಮೊಬೈಲು ಒಪ್ಪುತ್ತಲೇ ಇರಲಿಲ್ಲ.

ಪಿಂಚಣಿ ನಿಲ್ಲಬಾರದು ಅಂದರೆ ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ತೋರಿಸಬೇಕು. ಮೊದಲೆಲ್ಲ ಅಪ್ಪ ಬ್ಯಾಂಕಿಗೆ ಹೋಗಿ ಸಹಿ ಹಾಕಿ, ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿಂದು ಬರುತ್ತಿದ್ದರು. ಈಗ ಮೊಣಕಾಲು ಕೇಳುವುದಿಲ್ಲ. ಮುಖ ತೋರಿಸಿದರೆ ಸಾಕಂತೆ, ಐದು ನಿಮಿಷದ ಕೆಲಸ ಅಂತ ಆ್ಯಪ್ ಹಾಕಿಕೊಂಡೆ.

ಆ್ಯಪ್ ಓಡುವುದು ಮನೆಯೊಳಗಿನ ವೈಫೈಯಲ್ಲಿ. ಒಟಿಪಿ ಬರುವುದು ಅಪ್ಪನ ಕೀಪ್ಯಾಡ್ ಫೋನಿಗೆ. ಅದಕ್ಕೆ ಸಿಗ್ನಲ್ ಸಿಗುವುದು ಅಂಗಳದ ತೆಂಗಿನ ಬುಡದಲ್ಲಿ ಮಾತ್ರ. ಆರು ಅಂಕಿ ಬಾಯಿಪಾಠ ಮಾಡಿಕೊಂಡು ಒಳಗೆ ಓಡಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಮೂರನೇ ಸಲಕ್ಕೆ ಅದು ಹತ್ತಿತು ಅಂದರೆ ಈಗ ಕಣ್ಣು ಮಿಟುಕಿಸಬೇಕಂತೆ. ಅಪ್ಪ ಕಣ್ಣು ಅಗಲ ಬಿಟ್ಟು ಕೂತರು. ಸ್ಟುಡಿಯೋದವರು ಜೀವಮಾನವಿಡೀ "ಕಣ್ಣು ಮುಚ್ಚಬೇಡಿ" ಅಂದದ್ದೇ ಅವರ ತಲೆಯಲ್ಲಿ.

"ಎಂತ ಸಾವು ಮಾರಾಯ ಇದು!" ಅಂದರು. ಅಂದದ್ದು ತಮಗೇ ಕೇಳಿಸಿ ನಗು ಬಂತು.

ಆಧಾರ್ ಕಾರ್ಡ್ ಇನ್ನೊಮ್ಮೆ ನೋಡೋಣ ಅಂತ ಟ್ರಂಕು ತೆಗೆದೆ. ಎಲ್‌ಐಸಿ ಬಾಂಡುಗಳ ಅಡಿಯಲ್ಲಿ ಅಮರ ಚಿತ್ರ ಕಥೆಯ ಅಭಿಮನ್ಯು ಮಲಗಿದ್ದ. ಪಿನ್ನು ತುಕ್ಕು ಹಿಡಿದಿತ್ತು. ಅಪ್ಪ ನನಗಿಂತ ಮೊದಲು ಕೈ ಚಾಚಿದರು.

ಆ ಮಕ್ಕಳ ಚಿತ್ರಕಥೆ ಮಾಲಿಕೆ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ, 1929ರಲ್ಲಿ. ದೆಹಲಿಯಲ್ಲಿ ಟಿವಿ ಕ್ವಿಜ್ ನೋಡುವಾಗ ಮಕ್ಕಳಿಗೆ ಗ್ರೀಕ್ ದೇವರು ಗೊತ್ತು, ರಾಮನ ತಾಯಿ ಹೆಸರು ಗೊತ್ತಿಲ್ಲ ಅಂತ ಬೇಜಾರಾಗಿ ಅವರು 1967ರಲ್ಲಿ ಈ ಕೆಲಸಕ್ಕೆ ಇಳಿದರಂತೆ. ಅಪ್ಪನಿಗೆ ಅದೊಂದು ಹೆಮ್ಮೆ. ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಂದು, ಮೊದಲು ತಾವೇ ಓದಿ, ಆಮೇಲೆ ನನಗೆ ಕೊಡುತ್ತಿದ್ದರು.

ನನಗೆ ರಾಮನ ತಾಯಿ ಹೆಸರು ಗೊತ್ತಿತ್ತು. ಅಭಿಮನ್ಯು ಸಾಯುತ್ತಾನೆ ಅಂತಲೂ ಗೊತ್ತಿತ್ತು, ಯಕ್ಷಗಾನದಲ್ಲಿ ಎಷ್ಟು ಸಲ ನೋಡಿಲ್ಲ? ಆದರೆ ಅಲ್ಲಿ ರಾತ್ರಿ ಸತ್ತ ಅಭಿಮನ್ಯು ಬೆಳಿಗ್ಗೆ ಕಣ್ಣಂಚಿನಲ್ಲಿ ಬಣ್ಣ ಇಟ್ಟುಕೊಂಡೇ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ. ಪುಸ್ತಕದಲ್ಲಿ ಸತ್ತವನು ಏಳಲಿಲ್ಲ. ಮತ್ತೆ ಮತ್ತೆ ತೆಗೆದು ನೋಡಿದೆ. ಅದೇ ಪುಟ, ಅದೇ ಜಾಗ, ಹಾಗೇ ಬಿದ್ದಿದ್ದ. ಒಂಬತ್ತು ವರ್ಷದ ನನಗೆ ಕಂಡ ಉಪಾಯ ಒಂದೇ. ಊಟದ ಬಟ್ಟಲಿನಿಂದ ಅನ್ನದ ಅಗುಳು ತೆಗೆದು ಮಸೆದು, ಆ ಎರಡು ಪುಟ ಅಂಟಿಸಿಬಿಟ್ಟೆ. ಅಲ್ಲಿಂದ ಮುಂದೆ ನನ್ನ ಅಭಿಮನ್ಯು ರಥದ ಚಕ್ರ ಎತ್ತಿಕೊಂಡು ನಿಂತೇ ಇದ್ದ.

ಪುಸ್ತಕ ಹಾಳು ಮಾಡಿದ್ದಕ್ಕೆ ಅಪ್ಪ ಬಯ್ದದ್ದು ನೆನಪಿದೆ. ಅಂಟಿಸಿದ್ದು ಯಾಕೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆಳಕು ಜಾಸ್ತಿ ಇದೆ ಅಂತ ಇಬ್ಬರೂ ಜಗಲಿಗೆ ಬಂದೆವು. ಅಪ್ಪ ಆ ಪುಟಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಕಾಗದದ ಆಚೆ ಏನೋ ಮಸುಕಾಗಿ ಕಾಣುತ್ತಿತ್ತು. ಅಂಚಿನಲ್ಲಿ ಒಂದು ಕಡೆ ಸ್ವಲ್ಪ ಎದ್ದಿತ್ತು. ಅಲ್ಲಿ ಹೆಬ್ಬೆರಳಿನ ಉಗುರು ಇಟ್ಟರು. ನಾನು ಸುಮ್ನೆ ಇನ್ನೊಮ್ಮೆ ಮೊಬೈಲು ಎತ್ತಿ ಹಿಡಿದೆ.

"ಬಿಡಿಸುವುದಾ?" ಅಂತ ನನ್ನ ಕಡೆ ನೋಡಿದರು. ಬಿಸಿಲಿಗೆ ಕಣ್ಣು ಮಿಟುಕಿತು. ಪರದೆಯ ಮೇಲೆ ಹಸಿರು ಟಿಕ್ ಬಂತು.

"ಬೇಡ ಅಪ್ಪ," ಅಂದೆ.