ಪುಟದಲ್ಲಿ ಹಿಡಿಸದ ಆಟ

ಹಳೇ ಬೇಸ್‌ಬಾಲ್ ಆಟಗಳ ಸ್ಕೋರನ್ನು ಪೆನ್ಸಿಲ್ಲಿನಲ್ಲಿ ನಕಲು ಮಾಡಿಕೊಳ್ಳುವುದು ನನಗೊಂದು ಚಟ. ಯಾಕೆ ಅಂತ ಕೇಳಬೇಡಿ, ಮನೆಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ಇನ್ನಿಂಗ್ಸಿಗೊಂದು (ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್ಸ್) ಚೌಕ ಎಳೆಯುತ್ತಾ ಹೋದರೆ ಆಟ ತಾನಾಗಿ ಕಣ್ಮುಂದೆ ಬಿಚ್ಚಿಕೊಳ್ಳುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಸಾಲಿಗೆ ಹನ್ನೆರಡು ಚೌಕ. ಮಾಮೂಲಿ ಒಂಬತ್ತು ಇನ್ನಿಂಗ್ಸಿನ ಆಟಕ್ಕೆ ಧಾರಾಳ. ಕಳೆದ ವಾರ 1920ರ ಮೇ 1ರ ಆಟ ಬರೆಯಲು ಕೂತವನು ಪಕ್ಕಕ್ಕೆ ಇನ್ನೂ ಎರಡು ಹಾಳೆ ಅಂಟಿಸಬೇಕಾಯಿತು.

ಬಾಸ್ಟನ್ನಿನ ಬ್ರೇವ್ಸ್ ಫೀಲ್ಡ್, ಶನಿವಾರ. ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್. ಐದನೇ ಇನ್ನಿಂಗ್ಸಿನಲ್ಲಿ ಬ್ರೂಕ್ಲಿನ್‌ಗೆ ಒಂದು ರನ್, ಆರನೆಯದರಲ್ಲಿ ಬಾಸ್ಟನ್‌ಗೆ ಒಂದು. ಆಮೇಲೆ ಬರೀ ಸೊನ್ನೆ. ಇಪ್ಪತ್ತು ಇನ್ನಿಂಗ್ಸ್ ಎರಡೂ ಕಡೆ ಸೊನ್ನೆ! ಸಮಬಲವಾದರೆ ಒಬ್ಬರು ಮುಂದೆ ಹೋಗುವ ತನಕ ಆಡುತ್ತಲೇ ಇರಬೇಕು ಎನ್ನುವುದು ಬೇಸ್‌ಬಾಲಿನ ನಿಯಮ. ಆದರೆ ಮೈದಾನಕ್ಕೆ ದೀಪ ಇಲ್ಲದ ಕಾಲ ಅದು. 26ನೇ ಇನ್ನಿಂಗ್ಸ್ ಮುಗಿದಾಗ ಕತ್ತಲಾಯಿತೆಂದು ಅಂಪೈರ್ ಬ್ಯಾರಿ ಮೆಕಾರ್ಮಿಕ್ ಆಟ ನಿಲ್ಲಿಸಿಬಿಟ್ಟರು. 1–1. ಇಷ್ಟಕ್ಕೂ ಹಿಡಿದದ್ದು 3 ಗಂಟೆ 50 ನಿಮಿಷ ಮಾತ್ರ.

ಈ ಆಟದ ಬಗ್ಗೆ ಬರೆಯುವವರೆಲ್ಲ ಚೆಂಡು ಎಸೆಯುವ ಪಿಚರ್‌ಗಳ ಗುಣಗಾನ ಮಾಡುತ್ತಾರೆ, ತಪ್ಪೇನಿಲ್ಲ. ಬ್ರೂಕ್ಲಿನ್ನಿನ ಲಿಯಾನ್ ಕ್ಯಾಡೋರ್, ಬಾಸ್ಟನ್ನಿನ ಜೋ ಎಶ್ಗರ್: 26 ಇನ್ನಿಂಗ್ಸೂ ಇವರಿಬ್ಬರೇ ಎಸೆದರು. ಎಶ್ಗರ್‌ಗೆ ಇದೇನೂ ಹೊಸದಲ್ಲ. ಹಿಂದಿನ ವರ್ಷದ ಏಪ್ರಿಲ್ 30ರಂದು ಫಿಲಡೆಲ್ಫಿಯಾ ಪರವಾಗಿ ಇದೇ ಬ್ರೂಕ್ಲಿನ್ ಎದುರು 20 ಇನ್ನಿಂಗ್ಸ್ ಎಸೆದಿದ್ದ, ಅದೂ 9–9 ಸಮ. ಪಾಪದವನು ಅನ್ನಬೇಕೋ ಪುಣ್ಯವಂತ ಅನ್ನಬೇಕೋ.

ನನ್ನ ಪೆನ್ಸಿಲ್ ನಿಂತದ್ದು ಹದಿನೇಳನೇ ಚೌಕದಲ್ಲಿ. ಅಲ್ಲೂ ಸೊನ್ನೆಯೇ. ಆದರೆ ಆ ಸೊನ್ನೆಯ ಹೊಟ್ಟೆಯೊಳಗೆ ಏನೇನಿದೆ ನೋಡಿ. ಮೂರೂ ಬೇಸಿನಲ್ಲಿ (ರನ್ನಿಗೆ ಓಡುವಾಗ ನಿಲ್ಲುವ ತಾಣ) ಬ್ರೂಕ್ಲಿನ್ ಓಟಗಾರರು ಭರ್ತಿ, ಔಟಾದವನು ಒಬ್ಬನೇ. ಎಲಿಯಟ್ ಹೊಡೆದ ಚೆಂಡು ಉರುಳಿಕೊಂಡು ಎಶ್ಗರ್ ಕೈಗೇ ಬಂತು. ಅವನು ರನ್ ಪೂರೈಸುವ ಜಾಗವಾದ ಹೋಮ್ ಪ್ಲೇಟಿಗೆ ಎಸೆದ, ಅಲ್ಲಿಗೆ ಓಡಿ ಬರುತ್ತಿದ್ದ ವೀಟ್ ಔಟ್. ಪ್ಲೇಟಿನ ಹಿಂದೆ ನಿಲ್ಲುವ ಬಾಸ್ಟನ್ ಕ್ಯಾಚರ್ ಗೌಡಿ ಕೂಡಲೇ ಫಸ್ಟ್ ಬೇಸಿಗೆ ಎಸೆದರೆ ಅಲ್ಲಿದ್ದ ಹೋಲ್ಕಿಯ ಕೈಯಲ್ಲಿ ಚೆಂಡು ನಿಲ್ಲಲಿಲ್ಲ. ಅದನ್ನು ಕಂಡ ಬ್ರೂಕ್ಲಿನ್ನಿನ ಕೊನೆಚಿ ಹೋಮ್ ಪ್ಲೇಟ್ ಕಡೆಗೆ ಓಟ ಕಿತ್ತ. ಹೋಲ್ಕಿ ಹೇಗೋ ಚೆಂಡು ಹೆಕ್ಕಿ ವಾಪಸ್ ಎಸೆದ. ಗೌಡಿ ಪ್ಲೇಟಿನ ಮೇಲೆ ಅಡ್ಡಬಿದ್ದು ಕೊನೆಚಿಯನ್ನು ಮುಟ್ಟಿದ. ಮೂರನೇ ಔಟ್, ಸರದಿ ಮುಗಿಯಿತು. ಇಷ್ಟೆಲ್ಲ ಆದಮೇಲೆ ನಾನು ಬರೆಯಬೇಕಾದದ್ದು ಒಂದು ದುಂಡನೆಯ ಸೊನ್ನೆ.

ಅದೇ ಹೋಲ್ಕಿಯ ಹೆಸರಿನ ಮುಂದೆ ಆ ದಿನ 42 ಪುಟ್‌ಔಟ್ (ಚೆಂಡು ಹಿಡಿದು ಎದುರಾಳಿಯನ್ನು ಔಟ್ ಮಾಡಿದ ಲೆಕ್ಕ) ಇವೆ. ಕೈಜಾರಿದ್ದನ್ನು ನಾವು ನೆನಪಿಟ್ಟುಕೊಂಡಿದ್ದೇವೆ, ಅಷ್ಟು ಸಲ ಹಿಡಿದದ್ದನ್ನಲ್ಲ.

ನನಗೆ ಹೊಟ್ಟೆ ಚುರ್ರೆಂದದ್ದು ಬಾಸ್ಟನ್ನಿನ ಚಾರ್ಲಿ ಪಿಕ್ ಸಾಲು ಬರೆಯುವಾಗ. ಹನ್ನೊಂದು ಸಲ ಬ್ಯಾಟ್ ಹಿಡಿದ, ಒಂದೇ ಒಂದು ಹಿಟ್ (ಹೊಡೆದು ಔಟಾಗದೆ ಬೇಸ್ ಸೇರುವುದು) ಇಲ್ಲ. ಒಂಬತ್ತನೇ ಇನ್ನಿಂಗ್ಸಿನಲ್ಲಿ ಬೇಸ್ ತುಂಬಿದ್ದಾಗ ಆಟ ಮುಗಿಸುವ ಅವಕಾಶ ಅವನಿಗೇ ಬಂದಿತ್ತು. ಬ್ರೂಕ್ಲಿನ್ನಿನ ಓಲ್ಸನ್ ಕಡೆಗೆ ಹೊಡೆದ, ಡಬಲ್ ಪ್ಲೇ ಆಯಿತು, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟ್. ಆಗ ಒಂದು ಹಿಟ್ ಬಿದ್ದಿದ್ದರೆ ಎಲ್ಲರೂ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು, ನನ್ನ ಗೋಂದೂ ಉಳಿಯುತ್ತಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ನಿನಲ್ಲಿ ಭಾನುವಾರ ಆಡುವಂತಿರಲಿಲ್ಲ, ಕಾನೂನು. ಹಾಗಾಗಿ ಬ್ರೂಕ್ಲಿನ್ ತಂಡ ತನ್ನೂರಿಗೆ ಹೋಗಿ ಮರುದಿನ ಫಿಲಡೆಲ್ಫಿಯಾ ಜೊತೆ ಆಡಿತು. 13 ಇನ್ನಿಂಗ್ಸ್, ಸೋಲು. ಸೋಮವಾರ ಮತ್ತೆ ಬಾಸ್ಟನ್. 19 ಇನ್ನಿಂಗ್ಸ್, 2–1, ಮತ್ತೆ ಸೋಲು. ಮೂರು ದಿನಕ್ಕೆ 58 ಇನ್ನಿಂಗ್ಸ್, ಗೆಲುವು ಒಂದೂ ಇಲ್ಲ. ಆ ವರ್ಷ ಇವರೆಲ್ಲ ಆಡುತ್ತಿದ್ದ ನ್ಯಾಷನಲ್ ಲೀಗ್ ಗೆದ್ದದ್ದು ಮಾತ್ರ ಇದೇ ಬ್ರೂಕ್ಲಿನ್!

ಸೋಮವಾರದ ಆಟ ಇನ್ನೂ ನಕಲು ಮಾಡಿಲ್ಲ. ಹಾಳೆ ಇದೆ, ಗೋಂದು ತರಬೇಕು.