ಸರ್ ಕೇಳಿದ ಪಟ್ಟಿ

ಹೋದ ವರ್ಷ ಮೈಸೂರಿನಲ್ಲಿ ಒಂದು ಸಿಎಂಇ, ಅಂದರೆ ಡಾಕ್ಟರುಗಳು ಹೊಸದನ್ನು ಕಲಿಯುವ ಕಾರ್ಯಕ್ರಮ ಇತ್ತು. ನ್ಯೂರೋ ಐಸಿಯುನಲ್ಲಿ (ಮಿದುಳು, ನರದ ತೊಂದರೆಯವರ ತೀವ್ರ ನಿಗಾ ಘಟಕ) ಕೆಲಸ ಮಾಡುವ ಡಾಕ್ಟರುಗಳಿಗಾಗಿ ನಡೆದದ್ದು. ನಾನೂ ಒಂದು ಗಂಟೆ ಮಾತಾಡಬೇಕಿತ್ತು. ಸ್ಲೈಡ್ ಹಾಕುವಾಗ ಕೊನೆಯ ಸಾಲಿನಲ್ಲಿ ಒಂದು ಬಿಳಿ ತಲೆ ಕಂಡಿತು. ನಮ್ಮ ಮೆಡಿಸಿನ್ ಸರ್! ನಿವೃತ್ತರಾಗಿ ಎಷ್ಟೋ ವರ್ಷಗಳಾದವು. ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದರು. ಊಟದ ಹೊತ್ತಿಗೆ ಹತ್ತಿರ ಕರೆದರು. "ಏನಮ್ಮಾ, ನಾನು ಕಲಿಸಿದ್ದರಲ್ಲಿ ಯಾವ್ಯಾವುದನ್ನ ಈಗ ಬಿಟ್ಟಿದ್ದೀರಿ? ಹೇಳು, ಬರ್ಕೋತೀನಿ" ಅಂದರು.

ತಟ್ಟೆ ಹಿಡಿದುಕೊಂಡೇ ಏನೋ ಅರ್ಧಂಬರ್ಧ ಹೇಳಿದೆ. ಕಾಲೇಜು ಪತ್ರಿಕೆಗೆ ನೆನಪು ಬರೆದುಕೊಡಿ ಅಂತ ಕೇಳಿದಾಗ, ಆ ಉತ್ತರವನ್ನು ಇಲ್ಲೇ ಪೂರ್ತಿ ಮಾಡೋಣ ಅನ್ನಿಸಿತು.

ನಾನು ಎಂಬಿಬಿಎಸ್‌ಗೆ ಸೇರಿದ್ದು 1994ರಲ್ಲಿ. ನಮ್ಮ ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1930ರಲ್ಲಿ ಮೈಸೂರಿಗೆ ಬಂದದ್ದು. ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ಸರ್ ನಮಗೆ ಗ್ಲಾಸ್ಗೋ ಕೋಮಾ ಸ್ಕೇಲ್ ಕಲಿಸಿದರು. ಎಚ್ಚರ ತಪ್ಪಿದ ರೋಗಿಗೆ ಕಣ್ಣು, ಮಾತು, ಕೈಕಾಲು ನೋಡಿ ಅಂಕ ಕೊಡುವುದು. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. "ಸುಮ್ನೆ 9 ಅಂತ ಹೇಳಬೇಡ. ಕಣ್ಣಿಗೆಷ್ಟು, ಮಾತಿಗೆಷ್ಟು, ಕೈಕಾಲಿಗೆಷ್ಟು, ಬಿಡಿಸಿ ಹೇಳು" ಅನ್ನುತ್ತಿದ್ದರು. ಇವತ್ತಿಗೂ ನನ್ನ ಐಸಿಯುನಲ್ಲಿ ಡ್ಯೂಟಿ ಬದಲಾಗುವಾಗ ಹಾಗೇ ಹೇಳಿಸುತ್ತೇನೆ.

ಇನ್ನು ಬಿಟ್ಟಿದ್ದರ ಪಟ್ಟಿ. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟಿರಾಯ್ಡ್ ಕೊಟ್ಟರೆ ಮಿದುಳಿನ ಊತ ಇಳಿಯುತ್ತದೆ ಅಂತ ಆಗ ಜಗತ್ತಿನ ತುಂಬಾ ಕಡೆ ನಂಬಿದ್ದರು. 2004ರಲ್ಲಿ ಇದನ್ನೇ ಪರೀಕ್ಷಿಸಿದ ಕ್ರ್ಯಾಶ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 10,008 ರೋಗಿಗಳಿದ್ದರು. ಸ್ಟಿರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ನೂರಕ್ಕೆ 21 ಜನ ತೀರಿಕೊಂಡಿದ್ದರು, ಪಡೆಯದವರಲ್ಲಿ 18. ಒಳ್ಳೆಯದಾಗಲಿ ಅಂತ ಕೊಟ್ಟ ಔಷಧಿಯೇ ಜೀವ ತೆಗೆಯುತ್ತಿತ್ತು. ಆ ಲೆಕ್ಕ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫಿಟ್ಸ್ ವಿಷಯವೂ ಹಾಗೇ. 30 ನಿಮಿಷ ನಿಲ್ಲದಿದ್ದರೆ ಅದು 'ಸ್ಟೇಟಸ್', ಅಂದರೆ ತಾನಾಗಿ ನಿಲ್ಲದ ಅಪಾಯದ ಫಿಟ್ಸ್ ಅಂತ ಓದಿದ್ದೆವು. ಈಗ 5 ನಿಮಿಷ ದಾಟಿದರೆ ಸಾಕು, ಹಾಗಂತಲೇ ಚಿಕಿತ್ಸೆ ಶುರು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ 3 ಗಂಟೆಯೊಳಗೆ ಅಂತಿತ್ತು. 2008ರಲ್ಲಿ ನಾಲ್ಕೂವರೆ ಗಂಟೆಯವರೆಗೂ ಕೊಡಬಹುದು ಅಂತ ಗೊತ್ತಾಯಿತು. ಈಗ ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯೊಳಗೂ ತೂರುನಳಿಕೆ ಹಾಕಿ ಹೆಪ್ಪನ್ನು ತೆಗೆಯುತ್ತಾರೆ.

ಆದರೆ ನನ್ನ ನಿಜವಾದ ಪಾಠ ಒಂದು ಫೋನಿನಲ್ಲಿ ಆಯಿತು. 2002. ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಬೆಳಗಿನ ಜಾವ ಹೊಲದ ಕೆಲಸದ ಹುಡುಗನೊಬ್ಬನನ್ನು ಕರೆತಂದರು. ಮೊದಲು ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಬಿದ್ದುಹೋಯಿತು, ಉಗುಳು ನುಂಗಲಾಗಲಿಲ್ಲ, ಉಸಿರು ನಿಂತಿತು. ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಕೊಟ್ಟೆವು. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕುಗ್ಗಲಿಲ್ಲ. ಉಗುರು ಒತ್ತಿದರೆ ಬೆರಳು ಅಲುಗಲಿಲ್ಲ. ಮಂಚದ ಪಕ್ಕದಲ್ಲೇ ನಿಂತು ಅವರಪ್ಪನಿಗೆ ಹೇಳಿಬಿಟ್ಟೆ: "ಆಸೆ ಇಟ್ಕೋಬೇಡಿ."

ಹೇಳಿದ ಮೇಲೆ ಸಮಾಧಾನವಾಗಲಿಲ್ಲ. ಸರ್ ಮನೆಗೆ ಫೋನ್ ಮಾಡಿದೆ. ಅವರು ಸ್ಕ್ಯಾನ್ ಬಗ್ಗೆ ಕೇಳಲೇ ಇಲ್ಲ. "ರಾತ್ರಿ ಎಲ್ಲಿ ಮಲಗಿದ್ದ?" ಅಂದರು. ನೆಲದ ಮೇಲೆ ಸರ್. "ಕಟ್ಟುಹಾವು ಕಣಮ್ಮಾ. ಕಚ್ಚಿದ ಗುರುತು ಹುಡುಕಬೇಡ, ಸಿಗಲ್ಲ. ಆಂಟಿವೆನಮ್ ಕೊಡು, ಉಸಿರು ಕೊಡ್ತಾ ಕಾಯಿ."

ಕಾದೆವು. ನಾಲ್ಕನೇ ದಿನ ಕಾಲಿನ ಹೆಬ್ಬೆರಳು ಅಲುಗಿತು. ಟ್ಯೂಬ್ ತೆಗೆದ ಮೇಲೆ ಹುಡುಗ ಮೊದಲು ಕೇಳಿದ್ದು ನೀರು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಹೇಳಿದ: "ನೀವು ಅಪ್ಪನ ಹತ್ರ ಹೇಳಿದ್ದು ಕೇಳಿಸ್ತಿತ್ತು ಮೇಡಂ."

ಆ ಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮಿದುಳು ಎಚ್ಚರವಾಗಿಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಮಿದುಳು ಸತ್ತವರ ಹಾಗೇ ಕಾಣುತ್ತಾರೆ. ನಾವು ಕಾಲೇಜು ಸೇರಿದ 1994ರಲ್ಲೇ ಅಂಗಾಂಗ ಕಸಿಯ ಕಾನೂನು ಬಂತು. ಅದರ ಪ್ರಕಾರ ಮಿದುಳುಕಾಂಡ (ಉಸಿರಾಟ ನಡೆಸುವ ಮಿದುಳಿನ ಬುಡ) ಸತ್ತಿದೆ ಅಂತ ಬರೆಯಲು ನಾಲ್ಕು ಜನ ಡಾಕ್ಟರು ಸೇರಬೇಕು, ಪರೀಕ್ಷೆಯನ್ನು 6 ಗಂಟೆ ಬಿಟ್ಟು ಎರಡನೇ ಸಲ ಮಾಡಬೇಕು. ಅದಕ್ಕೂ ಮೊದಲು ವಿಷ, ನಿದ್ದೆ ಔಷಧಿ, ಮೈ ತಣ್ಣಗಾಗಿರುವುದು ಯಾವುದೂ ಕಾರಣವಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ನನ್ನ ತರಗತಿಯಲ್ಲಿ ಆ ಸ್ಲೈಡ್ ಬಂದಾಗಲೆಲ್ಲ ಹುಡುಗನ ಕಥೆ ಹೇಳಿಯೇ ಮುಂದೆ ಹೋಗುತ್ತೇನೆ. ಅವನು ಹೇಳಿದ ಮಾತನ್ನೂ ಬಿಡುವುದಿಲ್ಲ.

2002ರ ನಿಯಮದ ಪ್ರಕಾರ ಡಾಕ್ಟರುಗಳು ಐದು ವರ್ಷಕ್ಕೆ 30 ಗಂಟೆ ಸಿಎಂಇಯಂಥ ಕಲಿಕೆಯಲ್ಲಿ ಭಾಗವಹಿಸಬೇಕು. ನಮ್ಮ ವಿಭಾಗಕ್ಕೆ ಅದು ಏನೇನೂ ಸಾಲದು ಅಂತ ನನ್ನ ಅಭಿಪ್ರಾಯ. ಕೂತು ಕೇಳುವುದಕ್ಕಿಂತ, ರೋಗಿಯ ಬದಲಿಗೆ ಇಡುವ ತರಬೇತಿ ಬೊಂಬೆಯ ಮೇಲೆ ಕೈಯಾರೆ ಮಾಡಿದ್ದು ಜಾಸ್ತಿ ಉಳಿಯುತ್ತದೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು, ಎಲ್ಲಿ ಎಡವಿದೆವು ಅಂತ ನರ್ಸ್‌ಗಳನ್ನೂ ಸೇರಿಸಿಕೊಂಡು ಮಾತಾಡುವ ಸಭೆ ಅದಕ್ಕಿಂತಲೂ ದೊಡ್ಡದು. ಅಮೆರಿಕದ ನ್ಯೂರೋಕ್ರಿಟಿಕಲ್ ಕೇರ್ ಸೊಸೈಟಿಯವರ ಇಎನ್‌ಎಲ್‌ಎಸ್ ಅನ್ನೋ ಕೋರ್ಸ್ ಇದೆ. ಅದು ಪೂರ್ತಿ ಮಿದುಳು, ನರದ ತುರ್ತು ಸ್ಥಿತಿಯ ಮೊದಲ ಗಂಟೆಯ ಬಗ್ಗೆಯೇ. ನನಗೆ ಬಹಳ ಉಪಯೋಗವಾಯಿತು. ಆದರೆ ನಮ್ಮ ಕಡೆ ಆ ಮೊದಲ ಗಂಟೆಯಲ್ಲಿ ರೋಗಿಯ ಮುಂದೆ ಇರುವವರು ನಾನಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ರಾತ್ರಿ ಡ್ಯೂಟಿಯ ಹೌಸ್ ಸರ್ಜನ್ (ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವವರು) ಇರುತ್ತಾರೆ. 2002ರಲ್ಲಿ ನಾನಿದ್ದ ಹಾಗೆ.

ಅದಕ್ಕೇ ಕಾಲೇಜಿನವರಲ್ಲಿ ಒಂದು ಕೋರಿಕೆ. ಹೌಸ್ ಸರ್ಜನ್‌ಗಳಿಗಾಗಿ ವರ್ಷಕ್ಕೆ ಒಂದು ಶನಿವಾರ ನಮಗೆ ಕೊಡಿ. ಬೊಂಬೆ, ಟ್ಯೂಬು ಎಲ್ಲಾ ನಾನೇ ತರುತ್ತೇನೆ. ಸರ್ ಜೊತೆಗೂ ಮಾತಾಡಿದ್ದೇನೆ. 5 ನಿಮಿಷದ ಫಿಟ್ಸ್ ನೀನು ಹೇಳು, ಕಟ್ಟುಹಾವು ನಾನು ಹೇಳ್ತೀನಿ ಅಂದಿದ್ದಾರೆ.